ನರಗುಂದದಿಂದ ಬಂದ ಮಶೀನು

೨೬ ಜೂನ್ ೨೦೨೫, ಗುರುವಾರ
ಗಜೇಂದ್ರಗಡ

ನಾದಿನಿ ಮಧುಮತಿ ನರಗುಂದದಿಂದ ಬಟ್ಟೆ ಒಣಗಿಸುವ ಮಶೀನು ಕಳಿಸಿದ್ದಾಳೆ. ತಾನು ಬರಲಿಲ್ಲ, ಮಶೀನು ಬಂತು. ಟೆಂಪೊದಿಂದ ಅದನ್ನು ಇಳಿಸುವಾಗ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು, ನಮ್ಮ ಮನೆಗೆ ಯಾರೋ ದೊಡ್ಡ ಬೀಗರು ಬಂದ ಹಾಗೆ.

ಹೊಸದೇನಲ್ಲ. ಅವಳ ಮನೆಯಲ್ಲಿ ಹಳೆಯದಾಗಿದ್ದು. ಗಂಡನ ಬಟ್ಟೆ ಅಂಗಡಿ ಚೆನ್ನಾಗಿ ನಡೆಯುತ್ತದೆ, ಅವರಿಗೆ ಇದಕ್ಕಿಂತ ದೊಡ್ಡದು ಬಂದಿರಬೇಕು. ಹೋದ ವರ್ಷ ಅವಳ ತಾಯಿಗೆ, ಅಂದರೆ ನನ್ನ ಅತ್ತೆಗೆ, ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಆಮೇಲೆ ನರಗುಂದದಿಂದ ಗಾಲಿ ಕುರ್ಚಿ ಬಂತು, ಗಾಳಿ ತುಂಬುವ ಹಾಸಿಗೆ ಬಂತು, ಈಗ ಇದು. ಮಗಳು ಮಾತ್ರ ಯುಗಾದಿಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಅರ್ಧ ತಾಸು ಕೂತು ಹೋದವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ನರಗುಂದವೇನು ಕಾಶಿಯಲ್ಲ. ರೋಣದ ಮೇಲೆ ಹಾಯ್ದು ಬರುವ ಬಸ್ಸು ದಿನಾ ನಮ್ಮ ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ.

ಮಶೀನು ಇಡಲು ಜಾಗ ಮಗ್ಗದ ಕೋಣೆಯೊಂದೇ. ನೂಲಿನ ಕಂಡಿಕೆ ಸುತ್ತುವ ಮೋಟರಿಗೆಂದು ಹಿಂದೊಮ್ಮೆ ಎಳೆಸಿದ ದಪ್ಪ ವೈರು ಅಲ್ಲಿ ಮಾತ್ರ ಇದೆ. ಮುದುಕಿಯ ಹೊರಸೂ ಅಲ್ಲೇ. ಹೀಗಾಗಿ ಮಶೀನು ಅವರ ತಲೆದಿಂಬಿನ ಪಕ್ಕಕ್ಕೇ ಬಂತು. ಅದರ ಬೆನ್ನಿಗೆ ಆನೆಯ ಸೊಂಡಿಲಿನಂಥ ಒಂದು ಪೈಪು. ಬಟ್ಟೆಯ ಹಸಿಯೆಲ್ಲ ಬಿಸಿಗಾಳಿಯ ಜೊತೆ ಅದರೊಳಗಿಂದ ಹೊರಗೆ ಹೋಗಬೇಕಂತೆ. ಇವರು ಪೈಪಿನ ತುದಿಯನ್ನು ಹೊರಸಿನ ಮಗ್ಗುಲಿನ ಗಿಡ್ಡ ಕಿಟಕಿಯ ಸರಳುಗಳ ನಡುವೆ ಸಿಕ್ಕಿಸಿ, ಕೈ ಝಾಡಿಸಿಕೊಂಡು ಮಗ್ಗಕ್ಕೆ ಹೋದರು. ಇವರು ಅಂದರೆ ನಿಜಲಿಂಗಪ್ಪನವರು, ನನ್ನ ಯಜಮಾನರು. ಡೈರಿಗೆ ಗುರುತಿರಲಿ ಎಂದು ಬರೆದೆ, ಬಾಯಿಂದ ಎಂದೂ ಹೇಳಿದವಳಲ್ಲ.

ಮುದುಕಿಗೆ ಅಂಗಡಿಯಲ್ಲಿ ಸಿಗುವ ಡೈಪರ್ ಚಡ್ಡಿ ಹಾಕಿದರೆ ತೊಡೆಯೆಲ್ಲ ಗುಳ್ಳೆ ಏಳುತ್ತವೆ. ಹಳೇ ಸೀರೆಯ ತುಂಡುಗಳೇ ಆಗಬೇಕು. ದಿನಕ್ಕೊಂದು ರಾಶಿ. ಈ ಜಿಟಿಜಿಟಿ ಮಳೆಯಲ್ಲಿ ಅವು ಒಣಗುವುದೂ ಇಲ್ಲ, ನಾತ ಬಿಡುವುದೂ ಇಲ್ಲ. ಇವತ್ತು ಅವನ್ನೆಲ್ಲ ಮಶೀನಿಗೆ ತುಂಬಿ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದರೆ ರೊಟ್ಟಿಯಷ್ಟು ಬಿಸಿ. ಸುಳ್ಳೇಕೆ ಹೇಳಲಿ, ಒಂದನ್ನು ಕೆನ್ನೆಗೆ ಒತ್ತಿಕೊಂಡೆ.

ಇನ್ನು ಮೇಲೆ ಇದರಲ್ಲಿ ಬರೆಯುತ್ತೇನೆ. ಬಾಯಿಬಿಟ್ಟು ಅಂದರೆ ಜಗಳ, ಅನ್ನದಿದ್ದರೆ ಎದೆಯುರಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

೨ ಜುಲೈ, ಬುಧವಾರ

ಮಶೀನು ಚೆನ್ನಾಗಿ ನಡೆಯುತ್ತಿದೆ. ಮುದುಕಿಯ ಬೆನ್ನು ಒಣಗಿದೆ, ಕೋಣೆಯ ನಾತವೂ ಕಡಿಮೆ.

ಸೀರೆ ಮುಗಿದು ಮಗ್ಗದಿಂದ ಇಳಿದಾಗ ಉಳಿಯುವ ದಾರದ ತುಂಡುಗಳನ್ನು ನಮ್ಮಲ್ಲಿ ಬಿಸಾಕುವುದಿಲ್ಲ. ಒಂದಕ್ಕೊಂದು ಗಂಟು ಹಾಕಿ, ಚಂಡು ಸುತ್ತಿಟ್ಟು, ಕೌದಿ ಹೊಲಿಯಲು ಬಳಸುತ್ತೇವೆ. ಮುದುಕಿಗೆ ಈಗ ಅದೇ ಕೆಲಸ. ಒಂದು ತುದಿ ಹಲ್ಲಲ್ಲಿ ಹಿಡಿದು, ಇನ್ನೊಂದನ್ನು ಬಲಗೈಯ ಎರಡು ಬೆರಳಲ್ಲಿ ತಿರುವಿದರೆ ಗಂಟು ಬಿತ್ತು. ಎರಡು ಕೈಯಿದ್ದ ನನಗೂ ಅಷ್ಟು ಲಗೂ ಬರುವುದಿಲ್ಲ. ಒಂದು ಬುಟ್ಟಿ ತುಂಡುದಾರ ಹೊರಸಿನ ಮೇಲಿಟ್ಟರೆ ಹೊತ್ತು ಹೋಗುತ್ತದೆ, ನನ್ನನ್ನು ಕೂಗುವುದೂ ತಪ್ಪುತ್ತದೆ.

ಸಂಜೆ ಮಧುಮತಿಯ ಫೋನು. ಮೊಬೈಲಿನಲ್ಲಿ ಮುಖ ತೋರಿಸಿ ಮಾತಾಡುವುದು ಅವಳ ರೂಢಿ. ಮುದುಕಿಯ ಮುಂದೆ ಹಿಡಿದೆ.

"ಅವ್ವಾ, ಮಶೀನ್ ಬಿಸಿ ಆಗತೈತೇನ?"

"ಆಗತೈತಿ. ಪಂಚಮಿಗೆ ಬರ್ತೀಯಿಲ್ಲ?" ಮುದುಕಿಯ ಮಾತು ಬಾಯಿಯ ಬಲಗಡೆಯಿಂದಷ್ಟೇ ಬರುತ್ತದೆ. ಅರ್ಧ ನನಗೆ ತಿಳಿಯುತ್ತದೆ, ಉಳಿದದ್ದನ್ನು ಊಹಿಸುತ್ತೇನೆ.

"ಈ ಸಲ ಆಗಾಂಗಿಲ್ಲವ್ವ. ಶ್ರಾವಣದ ಗಿರಾಕಿ. ಹೆಂಗೂ ಮಶೀನ್ ಐತೆಲ್ಲ, ಇನ್ನ ನನಗ ನಿನ್ನ ಚಿಂತಿ ಇಲ್ಲ."

ಮುದುಕಿ ಬುಟ್ಟಿಯಿಂದ ಇನ್ನೊಂದು ತುಂಡುದಾರ ಎತ್ತಿಕೊಂಡರು. ಮಗಳು ಆ ಕಡೆಯಿಂದ ಬಾಯ್ ಬಾಯ್ ಎಂದು ಕೈ ಬೀಸಿದಳು.

ಅಲ್ಲ, ಪಂಚಮಿಗೆ ಮಗಳನ್ನು ಕರೆತರಲು ಅಣ್ಣನಾದವನು ಹೋಗಬೇಕು. ಅದು ಪದ್ಧತಿ. "ಕರಿಯಾಕ ಹೋಗಪಾ" ಎಂದು ಮುದುಕಿ ಇವರಿಗೆ ಅಮಾವಾಸ್ಯೆ ಹುಣ್ಣಿಮೆ ನೋಡದೆ ಹೇಳುತ್ತಲೇ ಇದ್ದಾರೆ. ಇವರು "ಫೋನ್ ಹಚ್ಚೇನಲ್ಲ" ಎಂದು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಡುತ್ತಾರೆ. ಅಲ್ಲಿ ಕೂತರೆ ಇವರ ಬೆನ್ನು ಹೊರಸಿನ ಕಡೆಗೆ. ತಾಯಿಯನ್ನು ನೋಡಿಕೊಳ್ಳುತ್ತ ನೇಯುತ್ತೇನೆ ಎಂದು ಊರಿಗೆಲ್ಲ ಹೇಳುತ್ತಾರೆ. ಬೆನ್ನಿನಿಂದ ನೋಡುವ ವಿದ್ಯೆ ಎಲ್ಲಿ ಕಲಿತರೋ.

೫ ಜುಲೈ, ಶನಿವಾರ

ಮಶೀನು ತಿರುಗುತ್ತದೆ, ಬಿಸಿಯಾಗುವುದಿಲ್ಲ. ಡ್ರಮ್ಮು ಗರಗರ ಸುತ್ತುತ್ತದೆ, ಗಾಳಿಯೂ ಬರುತ್ತದೆ, ತಣ್ಣನೆಯ ಗಾಳಿ. ಎರಡು ಸಲ ಹಾಕಿ ತೆಗೆದೆ. ತುಂಡುಗಳು ಹಾಕುವಾಗ ಹೇಗಿದ್ದವೋ ಹಾಗೇ ಹೊರಬಂದವು.

ಇಷ್ಟು ದಿನ ಸುಖ ಪಟ್ಟಿದ್ದು ಹೆಚ್ಚಾಯಿತೇನೋ.

೭ ಜುಲೈ, ಸೋಮವಾರ

ಇವರು ದುರಸ್ತಿಗೆ ಕೂತರು. ಪ್ಲಗ್ಗು ಕಿತ್ತು ಹಾಕಿದರು, ಟೆಸ್ಟರ್ ಹಚ್ಚಿದರು, ಟಿವಿಯ ಹಳೇ ಸ್ಟೆಬಿಲೈಜರ್ ತಂದು ಜೋಡಿಸಿದರು. ಅದು ಗುಂಯ್ ಎಂದು ಸುಟ್ಟ ವಾಸನೆ ಬಿಟ್ಟಿತು. ಕೊನೆಗೆ ಮಶೀನಿನ ನೆತ್ತಿಯ ಮೇಲೆ ಎರಡು ಸಲ ಅಂಗೈಯಿಂದ ಬಡಿದರು. ಇವರ ದುರಸ್ತಿ ಅಲ್ಲಿಗೆ ಮುಗಿಯಿತು.

"ಏನೇನ ತುರುಕಿದ್ದಿ ಇದರಾಗ?" ಎಂದು ನನ್ನ ಕಡೆ ತಿರುಗಿದರು. "ಅಲ್ಲಿದ್ದಾಗ ಕೆಟ್ಟಿರಲಿಲ್ಲ. ನಿನ್ನ ಕೈಯಾಗ ಬಂತು, ಕೆಟ್ಟು ಕುಂತು."

ನಾನು ಮಶೀನಿನ ಬಾಗಿಲ ಬಾಯಲ್ಲಿ ಬಟ್ಟೆಯ ಹೊಟ್ಟು ಹಿಡಿಯುವ ಜಾಳಿಗೆ ಹೊರತೆಗೆದು ತೋರಿಸಿದೆ. ದಿನಾ ತೊಳೆಯುತ್ತೇನೆ, ಕನ್ನಡಿಯ ಹಾಗೆ ಇದೆ. ಅದನ್ನು ನೋಡುವ ವ್ಯವಧಾನ ಯಾರಿಗಿದೆ? ಮುದುಕಿ ಹೊರಸಿನಿಂದಲೇ ನಮ್ಮ ಜಗಳ ನೋಡುತ್ತಿದ್ದರು. ಮಗನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸೊಸೆ ಬೈಸಿಕೊಂಡರೆ ಅವರಿಗೇನು ಹೋಯಿತು.

೧೧ ಜುಲೈ, ಶುಕ್ರವಾರ

ರೋಣದಿಂದ ಅಯಾಜ ಬಂದಿದ್ದ. ಫ್ರಿಜ್ಜು, ವಾಶಿಂಗ್ ಮಶೀನು ರಿಪೇರಿ ಮಾಡುವವನು. ನಾಲ್ಕು ದಿನ ಫೋನಿನಲ್ಲಿ "ಹೊಂಟೀನ್ರಿ ಅಕ್ಕಾರ, ದಾರ್ಯಾಗದೀನಿ" ಎನ್ನುತ್ತಲೇ ಇದ್ದ. ಬಂದವನು ಮಶೀನಿನ ಬೆನ್ನು ಬಿಚ್ಚಿ, ಮೀಟರಿನ ಎರಡು ಕಡ್ಡಿ ಅಲ್ಲಿ ಇಲ್ಲಿ ಮುಟ್ಟಿಸಿ, ಬೆರಳ ತುದಿಯಷ್ಟಿದ್ದ ಏನನ್ನೋ ಕಿತ್ತು ತೋರಿಸಿದ.

"ಇದ ನೋಡ್ರಿ ಸತ್ತದ್ದು. ಒಳಗ ಬಿಸಿ ಮಿತಿಮೀರಿದ್ರ ಈ ಫ್ಯೂಜ್ ತಾ ಸತ್ತು ಮನಿ ಉಳಸತೈತಿ."

"ಬಿಸಿ ಯಾಕ ಮಿತಿಮೀರತೈತಿ?"

"ಗಾಳಿ ಹೊರಗ ಹೋಗದಿದ್ರ ಆಗತೈತ್ರಿ." ಪೈಪಿನ ತುದಿ ಕಿಟಕಿಯಿಂದ ಎಳೆದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. "ಪೈಪ್ ಸಾಫ್ ಐತಿ. ಗಂಜಿ ಹಾಕಿದ ಅರಬಿ ಏನರ ಹಾಕಿದ್ರೇನ್ರಿ? ಅದರ ಹೊಟ್ಟು ಕುಂತಿರಬೇಕು."

ನೇಕಾರರ ಮನೆಯಲ್ಲಿ ಗಂಜಿಯಿಲ್ಲದ ಬಟ್ಟೆ ಎಲ್ಲಿಂದ ಬರಬೇಕು? ಆದರೆ ಇವು ಎಷ್ಟೋ ಸಲ ಒಗೆದು ಒಗೆದು ಜಾಳಾದ ತುಂಡುಗಳು. ಅದನ್ನು ಹೇಳುವಷ್ಟರಲ್ಲಿ ಮಗ್ಗದ ಕುಣಿಯಿಂದ ದನಿ ಬಂತು. "ಕೇಳಿದೇನ? ಗಂಜಿ! ಎಲ್ಲಾ ಇಕಿದ ಕಾರಭಾರ."

ಹೊಸ ಫ್ಯೂಜು ಹಾಕಿದ. ಬಿಸಿಯಾಯಿತು. ಅಯಾಜ ಚಹಾ ಕುಡಿದು, "ಇನ್ನ ನೀವಾಗಿ ಮಶೀನ್ ಮಾರೂತನಕ ಕೆಡೂದಿಲ್ರಿ" ಎಂದು ಹೇಳಿ ಹೋದ.

೧೪ ಜುಲೈ, ಸೋಮವಾರ

ಕೆಟ್ಟಿತು. ಮತ್ತೆ ಅದೇ ತಣ್ಣನೆಯ ಗಾಳಿ.

೧೯ ಜುಲೈ, ಶನಿವಾರ

ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಒಂದು ವಾರದಿಂದ ಬಿಸಿಲಿನ ಮುಖ ಕಂಡಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ತುಂಡುಗಳನ್ನು ಹರವಿದೆ, ಸಾರಿನಲ್ಲಿ ನಾತ ಬಂತೆಂದು ಇವರು ತಾಟು ಸರಿಸಿ ಎದ್ದರು. ಮಗ್ಗದ ಮೇಲಿನ ತೊಲೆಗೆ ಹಾಕಿದೆ, ಹನಿ ಕೆಳಗೆ ಮಗ್ಗದ ಹಾಸಿನ ನೂಲಿನ ಮೇಲೆ ಬಿದ್ದು ಕೆಂಪು ಬಣ್ಣ ಹಬ್ಬಿತು. ಅದಕ್ಕೆ ಆದ ರಂಪಾಟ ಇಲ್ಲಿ ಬರೆಯುವುದಿಲ್ಲ. ಕೊನೆಗೆ ಅರೆಹಸಿ ತುಂಡುಗಳನ್ನೇ ಹಾಸುತ್ತಿದ್ದೇನೆ. ಇವತ್ತು ಮೈ ಒರೆಸುವಾಗ ನೋಡಿದೆ, ಮುದುಕಿಯ ಟೊಂಕದ ಹತ್ತಿರ ಚರ್ಮ ಕೆಂಪಾಗಿ ಸುಲಿದಿದೆ. ಔಷಧದ ಪುಡಿ ಉದುರಿಸಿದರೆ ಹಲ್ಲು ಕಚ್ಚಿ ಸುಮ್ಮನಿದ್ದರು. ಹಿಂದೆಲ್ಲ ಹೆಜ್ಜೆಹೆಜ್ಜೆಗೂ ತಪ್ಪು ಹುಡುಕಿದ ಬಾಯಿ ಅದು. ಈಗ ನೋವಾದರೂ ನರಳುವುದಿಲ್ಲ. ಬೈದಿದ್ದರೆ ನನಗೂ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು.

ದಾರದ ಬುಟ್ಟಿಯೂ ಖಾಲಿ. ಎರಡು ಸಲ ತುಂಬಿಕೊಟ್ಟಿದ್ದೆ. ಚಂಡು ಎಲ್ಲಿ ಎಂದರೆ ಮುದುಕಿ ಕಣ್ಣು ಮುಚ್ಚಿದರು. ಈ ಮನೆಯಲ್ಲಿ ಇಲಿಗಳಾದರೂ ಸುಖವಾಗಿವೆ.

ಮಧ್ಯಾಹ್ನ ತವರೂರು ಪುರ್ತಗೇರಿಯಿಂದ ನಮ್ಮಣ್ಣ ಸಿದ್ದಾರೂಢ ಬಂದಿದ್ದ. ಪಂಚಮಿಗೆ ಕರೆಯಲು.

"ಬಾರವ್ವ ತಂಗಿ, ಎರಡ ದಿನರ ಇದ್ದು ಬರೂವಂತಿ. ಅವ್ವಗ ಮೊಣಕಾಲ ಭಾಳ ಹಿಡದಾವ. ದಿನಾ ದಾರಿ ನೋಡ್ತಾಳ."

"ನೋಡ್ಯಲ್ಲ ಅಣ್ಣಾ ಇಲ್ಲೀ ಅವತಾರ, ಹ್ಯಾಂಗ ಬರ್ಲಿ?" ಎಂದೆ. ಹೋದ ಪಂಚಮಿಗೆ ಮುದುಕಿಗೆ ಲಕ್ವಾ. ಅದರ ಹಿಂದಿನ ಪಂಚಮಿಗೆ ಮಗ್ಗದ ಕೆಲಸ ಬಹಳ ಇತ್ತು. ಅದರ ಹಿಂದಿನದು ನೆನಪಿಲ್ಲ. ಪುರ್ತಗೇರಿ ಇಲ್ಲೇ ಇದೆ, ಎಲ್ಲಿ ಹೋಗುತ್ತದೆ. ಅಣ್ಣನನ್ನು ಕೂರಿಸಿ ಔಷಧ ಅಂಗಡಿಗೆ ಹೋಗಿ, ಬಿಸಿನೀರು ತುಂಬುವ ಕೆಂಪು ರಬ್ಬರಿನ ಚೀಲ ತಂದು ಅವ್ವನಿಗೆಂದು ಕೊಟ್ಟೆ. ಇದ್ದುದರಲ್ಲೇ ಒಳ್ಳೆಯದನ್ನು ಆರಿಸಿದೆ. ಮೊಣಕಾಲಿಗೆ ಅದಕ್ಕಿಂತ ಇನ್ನೇನು ಬೇಕು? ಅಣ್ಣ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದ. ನನಗೂ ಮನಸ್ಸು ಹಗುರಾಯಿತು.

೨೪ ಜುಲೈ, ಗುರುವಾರ
ನಾಗರ ಅಮಾವಾಸ್ಯೆ

ಅಯಾಜ ಹುಬ್ಬಳ್ಳಿಯಿಂದ ಗಾಳಿ ಕಾಯಿಸುವ ಹೊಸ ಕಾಯಿಲ್ಲು ತರಿಸಿಕೊಂಡು ಬಂದ. ಹೋದ ಸಲದ ಜಂಬ ಇರಲಿಲ್ಲ. ಕಾಯಿಲ್ಲು ಬದಲಿಸಿದ, ಫ್ಯೂಜು ಬದಲಿಸಿದ. ಹಳೇ ಕಾಯಿಲ್ಲಿಗೆ ಮೀಟರ್ ಹಿಡಿದರೆ ಅದೂ ಸರಿಯಾಗಿಯೇ ಇತ್ತು. ತಲೆ ಕೆರೆದುಕೊಂಡ.

"ಅಕ್ಕಾರ, ಎಲ್ಲೋ ಗಾಳಿ ಕಟ್ಟತೈತ್ರಿ. ನನಗ ಸಿಗವಲ್ದು. ಹಗರ ತಿಳ್ಕೋಬ್ಯಾಡ್ರಿ, ಒಂದ ಸಲ ಫ್ಯೂಜ್ ಕೈ ಕೊಡ್ತು ಅಂದ್ರ ಬೆಂಕಿ ಹತ್ತತೈತಿ. ಅಜ್ಜಿ ಬೇರೆ ಬಾಜೂಕನ ಮಲಗ್ಯಾರ."

"ಕೇಳಿದೇನ?" ಎಂದಿತು ಮಗ್ಗದ ಕುಣಿ.

"ಹೌದ್ರಿ, ನಾನ ಕೆಡಸೀನಿ. ನಾನ ಬೆಂಕಿ ಹಚ್ಚತೀನಿ. ಸಾಕ?" ಎಂದೆ. ಅಯಾಜ ತಲೆ ತಗ್ಗಿಸಿ ಸ್ಕ್ರೂ ತಿರುವತೊಡಗಿದ. ಹೊರಗಿನವರ ಮುಂದೆ ಹೀಗೆ ಮಾತಾಡಿದ್ದು ಇದೇ ಮೊದಲು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

೨೬ ಜುಲೈ, ಶನಿವಾರ

ಸಿಕ್ಕಿತು.

ಮಧ್ಯಾಹ್ನ ಮಶೀನು ಹಾಕಿ ಅಡಿಗೆ ಮನೆಗೆ ಹೋಗಿದ್ದೆ. ತಿರುಗಿ ಬಂದರೆ ಮತ್ತೆ ತಣ್ಣಗೆ. ಅಳುವಷ್ಟು ಸಿಟ್ಟು. ಹೇಗೂ ಹಾಸಿಗೆ ಬದಲಿಸಬೇಕಿತ್ತು, ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ ತಲೆದಿಂಬು ಎಳೆದೆ. ಅದರ ಕೆಳಗೆ ದಾರದ ಚಂಡು. ಸಣ್ಣದಲ್ಲ, ಸುಲಿದ ತೆಂಗಿನಕಾಯಿಯಷ್ಟು. ಎರಡು ಬುಟ್ಟಿ ದಾರವೂ ಅದರಲ್ಲೇ ಇತ್ತು. ಕೈಗೆ ತೆಗೆದುಕೊಂಡರೆ ಇನ್ನೂ ಬೆಚ್ಚಗಿತ್ತು. ಮೈತುಂಬ ಹತ್ತಿಯಂಥ ಹೊಟ್ಟು ಅಂಟಿತ್ತು, ನನ್ನ ಹಳೇ ಇಳಕಲ್ ಸೀರೆಯ ನೀಲಿ ಬಣ್ಣದ ಹೊಟ್ಟು. ಒಂದು ಬದಿ ಕಂದಿ ಕಪ್ಪಾಗಿತ್ತು.

ನಿಂತಲ್ಲೇ ಎಲ್ಲ ತಿಳಿಯಿತು. ಪೈಪಿನ ತುದಿ ಅವರ ಬಲಗೈಗೆ ಎಟುಕುತ್ತದೆ. ಮಶೀನು ಸುರುವಾದ ಕೂಡಲೇ ಕಿಟಕಿಯಿಂದ ತುದಿ ಎಳೆಯುವುದು, ಚಂಡು ತುರುಕುವುದು, ಮತ್ತೆ ಸರಳಿನ ನಡುವೆ ಸಿಕ್ಕಿಸುವುದು. ಮಶೀನು ಸತ್ತ ಮೇಲೆ ಚಂಡು ತಲೆದಿಂಬಿನ ಕೆಳಗೆ. ಅಯಾಜ ಪೈಪು ನೋಡಿದರೆ ಸಾಫ್. ಮಗ ಬೆನ್ನು ತಿರುಗಿಸಿ ಕೂತಿರುತ್ತಾನೆ, ಮಗ್ಗದ ಸಪ್ಪಳದಲ್ಲಿ ಏನೂ ಕೇಳುವುದಿಲ್ಲ.

ಇವರು ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದರು. ನಾನು ಚಂಡನ್ನು ಮುದುಕಿಯ ಮುಖದ ಮುಂದೆ ಹಿಡಿದೆ.

"ಏನ್ರಿ ಅತ್ತಿ ಇದು?"

ಗೋಡೆ ನೋಡಿದರು.

"ಬೆಂಕಿ ಹತ್ತಿದ್ರ ಏನ ಮಾಡ್ತಿದ್ರಿ? ನಿಮಗ ಏಳಾಕ ಬರ್ತೈತೇನ್ರಿ? ಓಡಾಕ ಬರ್ತೈತೇನ್ರಿ? ಹೊರಸಿನ ಸಂಗಾಟ ಸುಟ್ಟು ಹೋಗ್ತಿದ್ರಿ!"

"ಹತ್ತಿದ್ರ ಹತ್ತಲಿ." ಬಾಯಿಯ ಬಲಗಡೆಯಿಂದ ಒಂದೊಂದೇ ಮಾತು ಬಂತು. "ಮಣ್ಣ ಕೊಡಾಕರ ಬರ್ತಿದ್ಲು."

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ.

"ಮಶೀನ್ ಐತಿ ಅಂತ ಬರಾಂಗಿಲ್ಲ ಅಂದ್ಲಲ್ಲ. ಮಶೀನ್ ಇರದಿದ್ರ ಬರ್ತಿದ್ಲು."

ಮೂರು ವಾರ ಹಸಿ ತುಂಡು ಹಿಂಡಿ ಹಿಂಡಿ ಬೆರಳ ಸಂದಿಯೆಲ್ಲ ಹುಣ್ಣಾಗಿವೆ. ಗಂಡನ ಬಾಯಲ್ಲಿ ಬಂದದ್ದೆಲ್ಲ ಕೇಳಿಸಿಕೊಂಡಿದ್ದೇನೆ. ಅದನ್ನೆಲ್ಲ ಈ ಹೊರಸಿನಿಂದಲೇ ನೋಡುತ್ತಿದ್ದರಲ್ಲ! "ನಾ ಏನ ಮಾಡಿದ್ದೆ ನಿಮಗ? ನನಗರ ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದು ಕಿರುಚಿದೆ.

ಆಗ ನನ್ನ ಕಡೆ ತಿರುಗಿದರು. "ನಿನಗೇನ ಹೇಳೂದು. ನೀ ಇರ್ತಿ. ಇರಾಕಿಗೆ ಏನ ಹೇಳೂದು."

ಚಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನನ್ನ ಟ್ರಂಕಿನಲ್ಲಿ ಹಾಕಿದೆ. ಇವರಿಗೆ ತೋರಿಸಬೇಕು, ತೋರಿಸಿಯೇ ತೀರುತ್ತೇನೆ.

೨೭ ಜುಲೈ, ರವಿವಾರ

ಅತ್ತೆಯ ಜೊತೆ ಮಾತಾಡಲಿಲ್ಲ. ಒರೆಸಿದೆ, ಉಣಿಸಿದೆ, ಪುಡಿ ಹಚ್ಚಿದೆ. ಮಾತಿಲ್ಲದೆಯೂ ಎಲ್ಲ ನಡೆಯುತ್ತದೆ.

ಇವರು "ಈ ಸಲ ಏನ ಕಿತಬಿ ಮಾಡಿದಿ?" ಎಂದರು. ಟ್ರಂಕಿನ ಕೀಲಿ ಸೊಂಟದಲ್ಲೇ ಇತ್ತು. ತೆಗೆಯಲಿಲ್ಲ. "ಗಂಜಿ ಅರಬಿ ಹಾಕಿದ್ದೆ" ಎಂದೆ.

೨೮ ಜುಲೈ, ಸೋಮವಾರ
ರೊಟ್ಟಿ ಹಬ್ಬ

ಸಜ್ಜೆರೊಟ್ಟಿ, ಪುಂಡಿಪಲ್ಯ, ನಾಲ್ಕು ಥರದ ಚಟ್ನಿ. ಶೇಂಗಾ ಉಂಡೆ, ಎಳ್ಳುಂಡೆ ಕಟ್ಟುವಾಗ ಅತ್ತೆ ಹೊರಸಿನಿಂದ ಮೂಗರಳಿಸಿ, "ಬೆಲ್ಲ ಹೆಚ್ಚಾತು" ಎಂದರು. ಎರಡು ದಿನದಲ್ಲಿ ಅವರ ಮೊದಲ ಮಾತು. "ಮೂಗಿನಿಂದ ರುಚಿ ನೋಡ್ತೀರೇನ್ರಿ?" ಎಂದೆ. ಮಾತಾಡಬಾರದೆಂದಿದ್ದೆ, ಬಾಯಿ ತಪ್ಪಿ ಬಂತು.

ಊಟವಾದ ಮೇಲೆ ಹೊರಸಿನ ಪಕ್ಕ ಕೂತು ನಾನೇ ಮಧುಮತಿಗೆ ಫೋನು ಹಚ್ಚಿದೆ. ಅತ್ತೆಗೆ ಕೇಳುವ ಹಾಗೆ.

"ಮಧುಮತೀ, ಮಶೀನ್ ಸತ್ತು ಹೋತವ್ವ. ಇನ್ನ ರಿಪೇರಿ ಆಗೂದಿಲ್ಲಂತ. ನಿಮ್ಮವ್ವನ ಟೊಂಕ ಒಡದೈತಿ. ನಾ ಒಬ್ಬಾಕಿ ಸಾಕಾಗೀನಿ. ನಾಳೆ ಪಂಚಮಿ, ಬಾರವ್ವ."

ಆ ಕಡೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿಯುವ ಸಪ್ಪಳ. ಆಮೇಲೆ, "ಆತ್ರಿ ವೈನಿ. ನಾಳೆ ಬರ್ತೀನಿ. ಅವ್ವಗ ಹೇಳ್ರಿ" ಎಂದಳು.

ಹೇಳುವ ಅಗತ್ಯವಿರಲಿಲ್ಲ. ಅವ್ವ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಎಷ್ಟು ಬಿಗಿಯಾಗಿ ಎಂದರೆ ಬಳೆಯೊಂದು ಒಡೆಯಿತು.

೨೯ ಜುಲೈ, ಮಂಗಳವಾರ
ನಾಗರಪಂಚಮಿ

ಬೆಳಿಗ್ಗೆಯೇ ಬಿಸಿನೀರಿನಲ್ಲಿ ಅವ್ವನ ಮೈ ಒರೆಸಿ, ತಲೆ ಬಾಚಿ, ಅವರೇ ಒಂದು ಕಾಲಕ್ಕೆ ನೇಯ್ದ ಕೆಂಪು ದಡಿಯ ಸೀರೆ ಉಡಿಸಿದೆ. ವಿಭೂತಿ ಹಚ್ಚಿದೆ. ಇದ್ದ ಬಿದ್ದ ಊದಿನಕಡ್ಡಿಯನ್ನೆಲ್ಲ ಕೋಣೆಯಲ್ಲಿ ಹಚ್ಚಿದೆ. ಮಗಳು ಮೂಗಿಗೆ ಕರವಸ್ತ್ರ ಹಿಡಿಯಬಾರದು. ನಾಗಪ್ಪನಿಗೆ ಹಾಲೆರೆದು ಬಂದು, ಗಾಲಿ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ ಬಾಗಿಲಿಗೆ ತಂದು ನಿಲ್ಲಿಸಿದೆ. ಓಣಿಯಲ್ಲಿ ಹುಡುಗಿಯರು ಜೋಕಾಲಿ ಆಡುತ್ತಿದ್ದರು.

ಉಂಡೆ ಕೊಟ್ಟರೆ ಬೇಡವೆಂದರು. "ಆಕಿ ಬರ್ಲಿ."

ನರಗುಂದದ ಬಸ್ಸು ಬಂದು ಹೋಗುವ ಹೊತ್ತಾಯಿತು. ಮುಂದಿನದೂ ಆಯಿತು. ಪ್ರತಿ ಸಲ ಓಣಿಯ ತಿರುವಿನಲ್ಲಿ ಸೀರೆ ಕಂಡಾಗ ಅವ್ವನ ಕತ್ತು ಉದ್ದವಾಗುತ್ತಿತ್ತು, ಯಾರದೋ ಮಗಳು ಯಾರದೋ ಮನೆಗೆ ಹೋಗುತ್ತಿದ್ದಳು. ಹೊತ್ತು ಇಳಿಯುವಾಗ ಒಂದು ಟೆಂಪೊ ಬಂದು ನಮ್ಮ ಬಾಗಿಲಿಗೇ ನಿಂತಿತು. ಅವ್ವ ಸೆರಗು ಸರಿಮಾಡಿಕೊಂಡರು.

ಡ್ರೈವರ್ ಇಳಿದು ಹಿಂದಿನ ತಡಿಕೆ ಬಿಚ್ಚಿದ. "ನರಗುಂದದಿಂದ್ರಿ. ಎಲ್ಲಿ ಇಳಸೂಣ್ರಿ ಇದನ್ನ?" ಪ್ಲಾಸ್ಟಿಕ್ಕೂ ಬಿಚ್ಚದ ದೊಡ್ಡ ಡಬ್ಬಿ.

ಅಷ್ಟರಲ್ಲಿ ಫೋನು. "ವೈನಿ, ಅಂಗಡ್ಯಾಗ ಕಾಲಿಡಾಕ ಜಾಗ ಇಲ್ರಿ, ಹ್ಯಾಂಗ ಬರ್ಲಿ ಹೇಳ್ರಿ? ಇದು ಹೊಚ್ಚ ಹೊಸಾದು. ಅದರಂಗ ಕೆಡೂದಿಲ್ಲ, ಗ್ಯಾರಂಟಿ ಐತಿ. ಮಶೀನ್ ಐತೆಲ್ಲ, ಈಗರ ಅವ್ವಗ ಆರಾಮ ಆಗತೈತಿ."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆನಿಸಿತು. ಅವ್ವ ನೋಡುತ್ತಿದ್ದರು. ಸುಮ್ಮನೆ ಫೋನಿಟ್ಟೆ. ಇವರು ಡಬ್ಬಿಯ ಸುತ್ತ ತಿರುಗಿ, "ನೋಡ, ತಂಗಿ ಅಂದ್ರ ಹಿಂಗಿರಬೇಕು" ಎಂದರು.

ಅವ್ವ ಡ್ರೈವರನ ಹಿಂದೆ, ಟೆಂಪೊದ ಒಳಗೆ, ಇನ್ನೂ ಏನೋ ಹುಡುಕುತ್ತಿದ್ದರು. "ಬಂದ್ಲೇನ?"

"ಮಶೀನ್ ಬಂತ್ರಿ ಅವ್ವಾ."

ಸ್ವಲ್ಪ ಹೊತ್ತಾದ ಮೇಲೆ ಬಲಗೈ ಚಾಚಿ, "ಉಂಡಿ ಕೊಡು" ಎಂದರು. ಕೊಟ್ಟೆ. ಬಾಗಿಲಲ್ಲೇ ಕೂತು ಪೂರ್ತಿ ತಿಂದರು. ನಾನೂ ಒಂದು ತಿಂದೆ. ಬೆಲ್ಲ ನಿಜಕ್ಕೂ ಹೆಚ್ಚಾಗಿತ್ತು.

೨ ಆಗಸ್ಟ್, ಶನಿವಾರ

ಹೊಸ ಮಶೀನು ಕೂತಿದೆ. ಇದಕ್ಕೆ ಪೈಪೇ ಇಲ್ಲ. ಬಟ್ಟೆಯ ಹಸಿಯೆಲ್ಲ ಒಳಗೇ ನೀರಾಗಿ ಒಂದು ಡಬ್ಬಿಯಲ್ಲಿ ತುಂಬುತ್ತದೆ. ಕೂರಿಸಲು ಬಂದ ಹುಡುಗ ಅದನ್ನು ವಿವರಿಸುವಾಗ ಅವ್ವ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ನಗು ಬಂತು. ಲಕ್ವಾ ಆದಮೇಲೆ ಅವ್ವ ನಕ್ಕಿದ್ದನ್ನು ಇದೇ ಮೊದಲು ನೋಡಿದ್ದು, ಅರ್ಧ ಮುಖದ ನಗು.

ಟೊಂಕದ ಗಾಯ ಆರುತ್ತಿದೆ. ಟ್ರಂಕಿನಿಂದ ಚಂಡು ತೆಗೆದು, ಸುಟ್ಟ ದಾರ ಕತ್ತರಿಸಿ, ಉಳಿದದ್ದರಲ್ಲಿ ಅವ್ವನಿಗೊಂದು ಕೌದಿ ಹೊಲಿಯಲು ಕೂತಿದ್ದೇನೆ. ಎಂಥ ಗಂಟುಗಳು! ಎಲ್ಲಿಯೂ ಸೂಜಿಗೆ ತೊಡಕಾಗುವುದಿಲ್ಲ.

ಹೊಲಿಯುವಾಗ ಅವ್ವ ಇದ್ದಕ್ಕಿದ್ದಂತೆ, "ನೀ ನಿಮ್ಮವ್ವನ ಕಡೆ ಹೋಗಿ ಬಾ" ಎಂದರು.

"ಪಂಚಮಿ ಮುಗೀತಲ್ರಿ."

"ಪಂಚಮಿ ಮುಗೀತು. ನಿಮ್ಮವ್ವ ಮುಗದಿಲ್ಲ."

"ನಾ ಹೋದ್ರ ನಿಮ್ಮನ್ಯಾರ ನೋಡವ್ರು?"

ಅವ್ವ ಬಲಗೈ ಎತ್ತಿ ಪಕ್ಕದಲ್ಲಿ ತಿರುಗುತ್ತಿದ್ದುದನ್ನು ತೋರಿಸಿದರು. "ಮಶೀನ್ ಐತೆಲ್ಲ."

ನಕ್ಕೆವು. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು, ಯಾಕೋ ನಿಲ್ಲಲೇ ಇಲ್ಲ. ಮಗ್ಗದ ಕುಣಿಯಿಂದ "ಏನಾತು?" ಎಂದರು. "ಏನಿಲ್ರಿ. ಸೋಮವಾರ ನಾ ಪುರ್ತಗೇರಿಗೆ ಹೋಗ್ತೀನಿ. ಎರಡ ದಿನ ಅವ್ವನ ಅರಬಿ ನೀವ ಒಗೀರಿ" ಎಂದೆ. ಮಗ್ಗದ ಸಪ್ಪಳ ನಿಂತಿತು. ಇವರು ಪೂರ್ತಿ ತಿರುಗಿ ನಮ್ಮ ಕಡೆ ನೋಡಿದರು.

೪ ಆಗಸ್ಟ್, ಸೋಮವಾರ
ಪುರ್ತಗೇರಿ

ಮೊದಲ ಬಸ್ಸಿಗೆ ಬಂದೆ. ಅವಸರದಲ್ಲಿ ಏನೂ ತರಲಾಗಲಿಲ್ಲ, ಬರಿಗೈಯಲ್ಲಿ ಬಂದೆ.

ನಮ್ಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ. ಅಣ್ಣ ಇದನ್ನು ಹೇಳಿರಲಿಲ್ಲ. ನನ್ನನ್ನು ಕಂಡು ಏಳಲು ಹೋದವಳು ಮೊಣಕಾಲು ಹಿಡಿದುಕೊಂಡು ಮತ್ತೆ ಕೂತಳು. ನನ್ನ ಕೈ, ಕೆನ್ನೆ, ಬೆರಳ ಸಂದಿಯ ಹುಣ್ಣು ಎಲ್ಲ ಸವರಿ ನೋಡಿದಳು.

"ನಾ ಕಳಿಸಿದ್ದ ಚೀಲದ ಶಾಖಾ ತಗೋತಿಯಿಲ್ಲವ್ವಾ?" ಎಂದು ಕೇಳಿದೆ.

"ಅದ ಕೆಟ್ಟೈತೆವ್ವ" ಎಂದಳು. "ಬಿಸಿನ ಆಗೂದಿಲ್ಲ. ನೀ ಬಂದು ನೋಡಿದ್ರ ಆಗತಿತ್ತು ಅಂತ ನಿಮ್ಮಣ್ಣಗ ಹೇಳಾಕತ್ತಿದ್ದೆ."

ಹೊಚ್ಚ ಹೊಸದು ಹೇಗೆ ಕೆಡುತ್ತದೆ? ರಬ್ಬರು ಸೀಳಿತೇ, ಬಿರಡೆ ಸಡಿಲವೇ, ನೋಡಿಯೇ ಬಿಡೋಣ ಎಂದು ಒಳಗೆ ಹೋದೆ. ಅಡಿಗೆ ಮನೆಯ ಮೊಳೆಗೆ ತೂಗುಹಾಕಿದ್ದಳು. ಬೆಲೆಯ ಚೀಟಿ ಹಾಗೇ ಅಂಟಿಕೊಂಡಿತ್ತು. ಬಿರಡೆ ತಿರುಗಿಸಿ ಬೆರಳು ಹಾಕಿದರೆ ಕಾರ್ಖಾನೆಯಲ್ಲಿ ಉದುರಿಸಿದ ಬಿಳಿ ಪುಡಿ ಬೆರಳಿಗೆ ಹತ್ತಿತು. ಒಂದು ಹನಿ ನೀರೂ ಅದರೊಳಗೆ ಹೋಗಿರಲಿಲ್ಲ.

ತಿರುಗಿ ನೋಡಿದರೆ ಅವ್ವ ಗೋಡೆ ಹಿಡಿದುಕೊಂಡು ಬಾಗಿಲತನಕ ಬಂದು, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಹೌದವ್ವಾ, ಕೆಟ್ಟೈತಿ" ಎಂದು ಬಿರಡೆ ತಿರುವಿ, ಅದನ್ನು ಮತ್ತೆ ಮೊಳೆಗೆ ತೂಗುಹಾಕಿದೆ.